ಸೀನು ಬಂದರೆ ಕಾಲು ಹೆಣೆದು ನಿಲ್ಲುವವರು

ನಮ್ಮ ನೆಂಟರೊಬ್ಬರ ಗೃಹಪ್ರವೇಶ. ಹಿತ್ತಿಲಲ್ಲಿ ಶಾಮಿಯಾನ ಕಟ್ಟಿ ಅಡುಗೆ ನಡೆದಿತ್ತು. ಹುಳಿಗೆ ಒಗ್ಗರಣೆ ಬಿತ್ತು ನೋಡಿ, ಒಣಮೆಣಸಿನಕಾಯಿಯ ಘಾಟು ಎದ್ದು ಅಲ್ಲಿದ್ದವರೆಲ್ಲ ಒಟ್ಟಿಗೇ ಕೆಮ್ಮತೊಡಗಿದರು. ಗಂಡಸರು ಕೆಮ್ಮುತ್ತಲೇ ಆಚೆ ಓಡಿದರು. ಹೆಂಗಸರು ಓಡಲಿಲ್ಲ. ಬಾಳೆ ಎಲೆ ಒರೆಸುತ್ತಿದ್ದವರು, ತೆಂಗಿನಕಾಯಿ ತುರಿದು ಎದ್ದವರು, ನಿಂತಲ್ಲೇ ಒಂದು ಕಾಲಿಗೆ ಇನ್ನೊಂದು ಕಾಲು ಹೆಣೆದು, ಸೆರಗು ಬಾಯಿಗೊತ್ತಿ, ಕೊಂಚ ಮುಂದಕ್ಕೆ ಬಾಗಿದರು. ಐವತ್ತು ದಾಟಿದ ಐದಾರು ಜನ. ಎಲ್ಲರದೂ ಒಂದೇ ಭಂಗಿ. ಯಾವ ನಾಟ್ಯಗುರುವೂ ಕಲಿಸಿದ್ದಲ್ಲ ಅದು. ಕೆಮ್ಮು ನಿಂತ ಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕು, ಮತ್ತೆ ಕೆಲಸಕ್ಕೆ ಬಗ್ಗಿದರು. ನಮ್ಮ ಚಿಕ್ಕಮ್ಮ ಮಾತ್ರ ಸದ್ದಿಲ್ಲದೆ ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದರು.

ಸಂಜೆ ಅವರ ಪಕ್ಕ ಕೂತು ಕೇಳಿದೆ. "ಎಷ್ಟು ವರ್ಷದಿಂದ ಚಿಕ್ಕಮ್ಮ?"

"ಎರಡನೇದು ಹುಟ್ಟಿದಾಗಿಂದ ಕಣೆ. ಹೆತ್ತವರಿಗೆ ಆಗೋದೇ ಅದು. ಅದನ್ನೇನು ಡಾಕ್ಟರ ಹತ್ರ ಹೇಳೋದು?"

ಎರಡನೆಯವನಿಗೆ ಈಗ ಮೂವತ್ತೊಂದು. ಮೂವತ್ತೊಂದು ವರ್ಷ ಈ ಹೆಂಗಸು ಜೋರಾಗಿ ನಕ್ಕಿಲ್ಲ, ದಡದಡ ಮೆಟ್ಟಿಲಿಳಿದಿಲ್ಲ, ಮೊಮ್ಮಗುವನ್ನು ಎತ್ತಿ ಆಡಿಸುವಾಗಲೂ ಮೈಯೆಲ್ಲ ಎಚ್ಚರ. "ನೀವು ಹೋಗಿ ಬನ್ನಿ, ನನಗೆ ಬಸ್ಸು ಆಗಿಬರಲ್ಲ" ಎಂದು ಅವರು ತಪ್ಪಿಸಿಕೊಂಡ ಮದುವೆ, ಜಾತ್ರೆ, ಪ್ರವಾಸಗಳೆಷ್ಟೋ. ಬಸ್ಸಿನಲ್ಲಿ ವಾಂತಿ ಬರುತ್ತದೇನೋ ಅಂದುಕೊಂಡಿದ್ದೆವು ನಾವೆಲ್ಲ.

ಇದನ್ನು ಬರೆಯಲು ಕೂತಾಗ ಮೊದಲ ತೊಡಕು ಹೆಸರಿನದೇ. ಇಂಗ್ಲಿಷಿನಲ್ಲಿ ಪೆಲ್ವಿಕ್ ಫ್ಲೋರ್ ಅನ್ನುತ್ತಾರೆ. ನಮ್ಮ ಪಠ್ಯಪುಸ್ತಕದ ಕನ್ನಡ ಅದನ್ನು ಶ್ರೋಣಿತಳ ಎಂದು ಕರೆದು ಕೈತೊಳೆದುಕೊಂಡಿದೆ. ಶ್ರೋಣಿ ಅಂದರೆ ಹಳೆಯ ಕಾವ್ಯದಲ್ಲಿ ನಾಯಕಿಯ ನಿತಂಬ. ಕವಿಗಳು ಅದರ ಭಾರ, ಬಳುಕು ಎಲ್ಲವನ್ನೂ ಬಣ್ಣಿಸಿದರು. ಅದರೊಳಗೆ ಏನಿದೆ, ಯಾವುದರ ಆಸರೆಯಲ್ಲಿ ನಿಂತಿದೆ ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ಮನೆಮಾತಿನಲ್ಲಂತೂ ಆ ಜಾಗಕ್ಕೆ "ಕೆಳಗೆ" ಎಂಬುದೊಂದೇ ಹೆಸರು. ನಾನಿಲ್ಲಿ ಸೊಂಟದ ತಳ ಎನ್ನುತ್ತೇನೆ.

ಬಾಗಿಲ ತೊಲೆಗೋ ಜಂತಿಗೋ ಹಳೇ ಸೀರೆ ಕಟ್ಟಿ ಕೂಸನ್ನು ಮಲಗಿಸುವ ಜೋಲಿ ನೋಡಿದ್ದೀರಲ್ಲ, ಸೊಂಟದ ತಳ ಹಾಗೇ ಇದೆ. ಮುಂದೆ ಕಿಬ್ಬೊಟ್ಟೆಯ ಕೆಳಗೆ ಕೈಗೆ ಗಟ್ಟಿಯಾಗಿ ಸಿಗುವ ಎಲುಬು, ಹಿಂದೆ ಬೆನ್ನುಮೂಳೆಯ ಬುಡದಲ್ಲಿರುವ ಬಾಲದೆಲುಬು. ಇವೆರಡರ ನಡುವೆ ಹರಡಿಕೊಂಡ ಸ್ನಾಯುಗಳ ಜೋಲಿ. ಅದರ ಮೇಲೆ ಮೂತ್ರಕೋಶ, ಗರ್ಭಕೋಶ, ಗುದನಾಳ ಸಾಲಾಗಿ ಕೂತಿವೆ. ಮೂರರ ದಾರಿಯೂ ಈ ಜೋಲಿಯನ್ನು ಹಾದೇ ಹೊರಗೆ ಬರಬೇಕು. ಹೊರುವುದು, ಬಿಗಿಯುವುದು, ಹೊತ್ತು ಬಂದಾಗ ಸಡಿಲಬಿಡುವುದು ಎಲ್ಲವೂ ಇದರದೇ ಕೆಲಸ. ಉಸಿರು ಎಳೆದುಕೊಂಡಾಗ ಎದೆಗೂ ಹೊಟ್ಟೆಗೂ ನಡುವಿನ ವಪೆ ಕೆಳಗಿಳಿಯುತ್ತದೆ. ಅದರ ಜೊತೆಗೆ ಈ ತಳವೂ ತುಸು ಇಳಿಯುತ್ತದೆ. ಉಸಿರು ಬಿಟ್ಟಾಗ ಎರಡೂ ಮೇಲೇರುತ್ತವೆ. ದಿನವಿಡೀ ನಮಗೆ ತಿಳಿಯದಂತೆ ನಡೆಯುವ ಏರಿಳಿತ ಅದು.

ಹಾಗಾದರೆ ಕೆಮ್ಮಿದಾಗ ಸೋರುವುದೇಕೆ? ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸ್ತ್ರೀರೋಗ ತಜ್ಞ ಜಾನ್ ಡೆಲಾನ್ಸಿ 1994ರಲ್ಲಿ ಇದಕ್ಕೆ ಕೊಟ್ಟ ವಿವರಣೆ ತೋಟಕ್ಕೆ ನೀರು ಬಿಡುವ ಯಾರಿಗಾದರೂ ಅರ್ಥವಾಗುತ್ತದೆ. ನೀರು ಹರಿಯುತ್ತಿರುವ ರಬ್ಬರ್ ಪೈಪನ್ನು ಗಟ್ಟಿ ನೆಲದ ಮೇಲಿಟ್ಟು ತುಳಿದರೆ ನೀರು ನಿಲ್ಲುತ್ತದೆ. ಕೆಸರಿನ ಮೇಲಿಟ್ಟು ತುಳಿದರೆ ಪೈಪು ಕೆಸರಿನೊಳಗೆ ಹೂತುಹೋಗುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಪೈಪೆಂದರೆ ಮೂತ್ರನಾಳ, ತುಳಿಯುವ ಕಾಲು ಕೆಮ್ಮಿನ ಒತ್ತಡ, ನೆಲವೇ ಸೊಂಟದ ತಳ. ಚಿಕ್ಕಮ್ಮನಿಗೆ ಪೈಪು ಕೆಟ್ಟಿಲ್ಲ, ನೆಲ ಮೆತ್ತಗಾಗಿದೆ. ಮೆತ್ತಗಾದದ್ದು ಸ್ನಾಯು. ಸ್ನಾಯುವಾದ್ದರಿಂದ ಅದನ್ನು ಮತ್ತೆ ಗಟ್ಟಿ ಮಾಡಲು ಬಹಳ ಮಟ್ಟಿಗೆ ಸಾಧ್ಯ. ಕೈಮುರಿದು ಪಟ್ಟಿ ಬಿಚ್ಚಿದವರಿಗೆ ಫಿಸಿಯೋಥೆರಪಿ ಮಾಡಿಸಿ ಎಂದು ಹೇಳುವ ನಾವು, ಈ ಸ್ನಾಯುವಿನ ವಿಷಯದಲ್ಲಿ ಮಾತ್ರ ಹಣೆಬರಹದ ಮಾತಾಡುತ್ತೇವೆ.

ಹೆರಿಗೆಯಲ್ಲಿ ಈ ಸ್ನಾಯು ಏನನ್ನು ಸಹಿಸಿಕೊಳ್ಳುತ್ತದೆ ಎಂಬುದಕ್ಕೂ ಲೆಕ್ಕ ಸಿಕ್ಕಿದೆ. ಅದೇ ಮಿಷಿಗನ್ ತಂಡ 2004ರಲ್ಲಿ ಕಂಪ್ಯೂಟರ್ ಮಾದರಿ ಕಟ್ಟಿ ನೋಡಿತು. ಮಗುವಿನ ತಲೆ ಹೊರಬರುವ ಹೊತ್ತಿಗೆ ಜೋಲಿಯ ಒಳಅಂಚಿನ ಸ್ನಾಯು ತನ್ನ ಉದ್ದದ 3.26 ಪಟ್ಟು ಹಿಗ್ಗುತ್ತದೆ ಎಂದು ಕಂಡುಬಂತು. ಕೈಕಾಲಿನ ಸ್ನಾಯುವನ್ನು ಅಷ್ಟು ಎಳೆದರೆ ಹರಿದೀತು. ಬಹುಪಾಲು ಹೆಂಗಸರಲ್ಲಿ ಇದು ಹಿಗ್ಗಿ, ತಿಂಗಳುಗಳಲ್ಲಿ ಮತ್ತೆ ಕುಗ್ಗುತ್ತದೆ. ಕೆಲವರಲ್ಲಿ ಎಲುಬಿನಿಂದಲೇ ಕಿತ್ತು ಬರುತ್ತದೆ, ಇಕ್ಕಳ ಹಾಕಿ ತೆಗೆದ ಹೆರಿಗೆಯಲ್ಲಿ ಆ ಅಪಾಯ ಹೆಚ್ಚು. ಸಿಸೇರಿಯನ್ ಆದವರು ಪೂರ್ತಿ ಪಾರಾದರು ಎಂದೂ ಅಲ್ಲ. ಒಂಬತ್ತು ತಿಂಗಳು ಹೊತ್ತ ಭಾರ ಭಾರವೇ.

ಇಂಥ ಪೆಟ್ಟು ತಿಂದ ಮೈಗೆ ನಮ್ಮ ಬಾಣಂತನ ಏನು ಮಾಡುತ್ತಿತ್ತು? ನನಗೆ ಬಾಣಂತನದ ಮೇಲೆ ಗೌರವವಿದೆ. ಎಣ್ಣೆ ಹಚ್ಚಿ ಹಂಡೆ ನೀರು ಹುಯ್ದು, ಸಾಂಬ್ರಾಣಿ ಹೊಗೆ ಹಾಕಿ, ಮಂಚ ಬಿಟ್ಟು ಇಳಿಯಬೇಡ ಎಂದು ಗದರಿಸುವ ಅಜ್ಜಿಯಂದಿರು ಒಂದು ದೊಡ್ಡ ಕೆಲಸ ಮಾಡುತ್ತಿದ್ದರು: ಜೋಲಿ ಮತ್ತೆ ಬಿಗಿಯಾಗುವ ತನಕ ಅದರ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುತ್ತಿದ್ದರು. ಆದರೆ ಅದೇ ಅಜ್ಜಿಯರು "ನೀರು ಕುಡಿದರೆ ಹೊಟ್ಟೆ ಬರುತ್ತೆ" ಎಂದು ಬಾಣಂತಿಗೆ ಲೋಟದ ತಳದಷ್ಟು ನೀರು ಕೊಡುತ್ತಿದ್ದರು. ಹಾಲೂಡಿಸುವ ತಾಯಿಗೆ ನೀರಿಲ್ಲದೆ ಮಲ ಕಲ್ಲಾಗುತ್ತದೆ. ಹೊಲಿಗೆ ಹಾಕಿಸಿಕೊಂಡ ಮೈ ಆ ಕಲ್ಲಿನೊಡನೆ ದಿನಾ ತಿಣುಕಬೇಕು. ಹೆರಿಗೆಯಲ್ಲಿ ಒಂದು ದಿನ ಹಿಗ್ಗಿದ್ದನ್ನು ತಿಣುಕಾಟ ತಿಂಗಳುಗಟ್ಟಲೆ ಹಿಗ್ಗಿಸುತ್ತದೆ. ಇನ್ನು ಹಳೇ ಪಂಚೆ ಸುತ್ತಿ ಹೊಟ್ಟೆ ಬಿಗಿಯುವ ಪದ್ಧತಿ. ಬೆನ್ನಿಗೆ ಹಿತವಾಗುವಷ್ಟು ಹಗುರವಾಗಿ ಸುತ್ತಿದರೆ ಅಡ್ಡಿಯಿಲ್ಲ. ಉಸಿರು ಕಟ್ಟುವಂತೆ ಬಿಗಿದರೆ ಒತ್ತಡವೆಲ್ಲ ಕೆಳಗೇ ಇಳಿಯಬೇಕಲ್ಲ. ಟೂತ್‌ಪೇಸ್ಟ್ ಕೊಳವೆಯನ್ನು ನಡುವೆ ಹಿಸುಕಿದ ಹಾಗೆ.

ಆ ಬಾಣಂತನವೂ ಎಲ್ಲರಿಗೆ ಸಿಗುವ ಭಾಗ್ಯವಲ್ಲ. ಕೂಲಿಗೆ ಹೋಗುವವಳು, ಕಬ್ಬು ಕಡಿಯುವವಳು, ಇಟ್ಟಿಗೆ ಗೂಡಿನವಳು ಹಸಿಮೈಯಲ್ಲೇ ತಲೆ ಮೇಲೆ ಹೊರೆ ಹೊತ್ತಿದ್ದಾಳೆ. ಕರ್ನಾಟಕದಲ್ಲಿ ಈಗ ನೂರರಲ್ಲಿ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ ಎನ್ನುತ್ತದೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ದೊಡ್ಡ ಸಾಧನೆಯೇ. ಆಮೇಲೆ ಆಶಾ ಕಾರ್ಯಕರ್ತೆ ಮೂರನೇ ದಿನ, ಏಳನೇ ದಿನ, ಹೀಗೆ ನಲವತ್ತೆರಡನೇ ದಿನದವರೆಗೆ ಮನೆಗೆ ಬಂದು ಹೋಗುತ್ತಾಳೆ. ಕೂಸಿನ ತೂಕ, ಕೂಸಿನ ಜ್ವರ, ಕೂಸಿನ ಹೊಕ್ಕುಳು. "ಕೆಮ್ಮಿದರೆ ಬಟ್ಟೆ ಒದ್ದೆಯಾಗುತ್ತಾ ತಾಯಿ?" ಎಂದು ಯಾರಾದರೂ ಕೇಳಿದ್ದನ್ನು ನಾನು ಕೇಳಿಲ್ಲ. ನನ್ನೆರಡು ಹೆರಿಗೆಯಲ್ಲೂ ಕೇಳಲಿಲ್ಲ. ಅವು ಹಣ ಕೊಟ್ಟು ಮಾಡಿಸಿಕೊಂಡ ಹೆರಿಗೆಗಳು. ಫ್ರಾನ್ಸಿನಲ್ಲಿ ಹೆರಿಗೆಯಾದ ಮೇಲೆ ಸೊಂಟದ ತಳದ ವ್ಯಾಯಾಮವನ್ನು ಸೂಲಗಿತ್ತಿಯರೋ ಫಿಸಿಯೋಥೆರಪಿಸ್ಟರೋ ಕೂರಿಸಿಕೊಂಡು ಕಲಿಸುವುದು ವಾಡಿಕೆ, ಖರ್ಚು ಸರ್ಕಾರಿ ಆರೋಗ್ಯ ವಿಮೆಯದು. ಅಲ್ಲಿ ಅದು ಕೂಸಿನ ಲಸಿಕೆಯಷ್ಟೇ ಸಹಜ.

ಮೂತ್ರದ ಕಥೆಯಲ್ಲಿ ಸ್ನಾಯು ಅರ್ಧ, ಊರು ಇನ್ನರ್ಧ. ಮೂತ್ರಕೋಶ ನಾನೂರು ಮಿಲಿಲೀಟರಿನ ಆಸುಪಾಸು ಹಿಡಿಯಬಲ್ಲ ಚೀಲ. ಅರ್ಧ ತುಂಬುವ ಮೊದಲೇ ಮೊದಲ ಸೂಚನೆ ಕೊಡುತ್ತದೆ, ಆಗಲೇ ಓಡಬೇಕಾಗಿಲ್ಲ. ಆದರೆ ನಮ್ಮ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಎರಡೇ ಪಾಠ. ಮನೆ ಬಿಡುವ ಮುಂಚೆ "ಬರದಿದ್ದರೂ ಒಂದು ಸಲ ಹೋಗಿ ಬಾ", ಮನೆ ಬಿಟ್ಟ ಮೇಲೆ "ಸಂಜೆ ತನಕ ತಡ್ಕೋ". ಬರದಿದ್ದರೂ ಹೋಗುವ ಅಭ್ಯಾಸದಿಂದ ಚೀಲ ಅರೆಬರೆ ತುಂಬಿದಾಗಲೇ ಅವಸರಪಡಿಸುವುದನ್ನು ಕಲಿಯುತ್ತದೆ. ಸಂಜೆ ತನಕ ತಡೆದರೆ ಸೋಂಕು ಕಾದಿರುತ್ತದೆ. ನೀರೇ ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ, ಉರಿದು, ಚೀಲವನ್ನು ಇನ್ನಷ್ಟು ಕೆರಳಿಸುತ್ತದೆ. ಮಲಬದ್ಧತೆ ಬೇರೆ. ಬಚಾವಾಗಲೆಂದು ಮಾಡಿದ್ದೇ ತಿರುಗಿ ಮೈಗೆ ಬರುತ್ತದೆ. ಗಾರ್ಮೆಂಟ್ಸ್‌ನಲ್ಲಿ ಯಂತ್ರದ ಮುಂದೆ ಕೂತವಳಿಗೆ, ಬಟ್ಟೆಯಂಗಡಿಯಲ್ಲಿ ಹತ್ತು ತಾಸು ನಿಂತು ಸೀರೆ ಬಿಚ್ಚಿ ತೋರಿಸುವವಳಿಗೆ, ಹೊಲದ ನಡುವೆ ಕಳೆ ತೆಗೆಯುವವಳಿಗೆ ಈ ಲೆಕ್ಕಾಚಾರ ದಿನದಿನದ್ದು.

ಕೇರಳದ ಕೋಳಿಕ್ಕೋಡಿನ ಮಿಠಾಯಿ ಬೀದಿಯಲ್ಲಿ ಅಂಗಡಿ ಹುಡುಗಿಯರನ್ನು ಕಟ್ಟಿಕೊಂಡು ಪಿ. ವಿಜಿ ಎಂಬ ಹೊಲಿಗೆ ಕೆಲಸದ ಹೆಣ್ಣುಮಗಳು ಹೋರಾಟಕ್ಕಿಳಿದದ್ದು ಮೊದಲಿಗೆ ಶೌಚಾಲಯ ಬೇಕು ಎಂದೇ. ಅದು ಬೆಳೆದು ಕೆಲಸದ ನಡುವೆ ಕೂರುವ ಹಕ್ಕಿನ ಚಳವಳಿಯಾಯಿತು. 2018ರಲ್ಲಿ ಕೇರಳ ಕಾಯ್ದೆಯನ್ನೇ ತಿದ್ದಿತು. 2021ರಲ್ಲಿ ತಮಿಳುನಾಡೂ ತಿದ್ದಿತು. ಪತ್ರಿಕೆಗಳು ಅದನ್ನು ಕಾರ್ಮಿಕ ಸುದ್ದಿಯ ಪುಟದಲ್ಲಿ ಹಾಕಿದವು. ನನ್ನ ಪ್ರಕಾರ ಆರೋಗ್ಯದ ಪುಟದಲ್ಲೂ ಬರಬೇಕಿತ್ತು. ನಮ್ಮಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಟಿಕೆಟ್ ಉಚಿತ. ಎಷ್ಟೋ ಜನ ಮೊದಲ ಸಲ ಮನಸಾರೆ ಊರು ಸುತ್ತಿದರು. ನಮ್ಮ ಚಿಕ್ಕಮ್ಮನ ಆಧಾರ್ ಕಾರ್ಡ್ ಮಾತ್ರ ಬೀರುವಿನಲ್ಲೇ ಉಳಿಯಿತು. ಟಿಕೆಟ್ಟಿನ ದುಡ್ಡು ಅವರಿಗೆ ಯಾವತ್ತೂ ಸಮಸ್ಯೆಯಾಗಿರಲಿಲ್ಲವಲ್ಲ.

ಮದ್ದಿನ ವಿಷಯಕ್ಕೆ ಬರೋಣ. 1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಒಂದು ಲೇಖನ ಪ್ರಕಟಿಸಿದರು. ಹೆರಿಗೆಯಿಂದ ಸಡಿಲವಾದ ಈ ಸ್ನಾಯುಗಳನ್ನು ವ್ಯಾಯಾಮದಿಂದ ಬಲಪಡಿಸಬಹುದು, ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ ಎಂಬುದು ಅವರ ವಾದ. ಬಿಪಿ ನೋಡುವ ಯಂತ್ರದಂತೆ ಮುಳ್ಳು ಆಡುವ ಒಂದು ಸಾಧನವನ್ನೂ ಅವರು ಮಾಡಿದ್ದರು. ಯೋನಿಯೊಳಗೆ ಗಾಳಿಯ ಬುರುಡೆ ಇಟ್ಟುಕೊಂಡು ಬಿಗಿದರೆ ಮುಳ್ಳು ಮೇಲೇರುತ್ತದೆ. ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಹೆಂಗಸು ತಾನೇ ಕಣ್ಣಾರೆ ನೋಡಬಹುದು. ಮುಂದೆ ಜಗತ್ತು ಕೆಗೆಲ್ ಹೆಸರನ್ನು ಇಟ್ಟುಕೊಂಡು ಮುಳ್ಳನ್ನು ಮರೆತುಬಿಟ್ಟಿತು. ಮೊಬೈಲಿನಲ್ಲಿ ಕೆಗೆಲ್ ಎಂದು ಹುಡುಕಿದರೆ ನೂರು ವಿಡಿಯೋ ಸಿಗುತ್ತವೆ. ಅವನ್ನು ನೋಡುತ್ತ ಮಾಡುವವರು ಯಾವ ಸ್ನಾಯು ಬಿಗಿಯುತ್ತಿದ್ದಾರೆ ಎಂಬುದು ದೇವರಿಗೇ ಗೊತ್ತು. 1991ರಲ್ಲಿ ಅಮೆರಿಕದಲ್ಲೇ ನಡೆದ ಒಂದು ಅಧ್ಯಯನದಲ್ಲಿ, ಬಾಯಿಮಾತಿನಲ್ಲಿ ಹೇಳಿಸಿಕೊಂಡು ಮಾಡಿದ ಹೆಂಗಸರಲ್ಲಿ ಅರ್ಧದಷ್ಟು ಜನ ಮಾತ್ರ ಸರಿಯಾಗಿ ಮಾಡಿದ್ದರು. ನಾಲ್ವರಲ್ಲಿ ಒಬ್ಬರು ಉಲ್ಟಾ ಮಾಡುತ್ತಿದ್ದರು: ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಮುಕ್ಕುತ್ತಿದ್ದರು. ಸೋರುವುದನ್ನು ಹೆಚ್ಚಿಸುವ ವ್ಯಾಯಾಮ ಅದು.

ಇದನ್ನು ಓದುವಾಗಲೇ ಕೆಲವರು "ನಮ್ಮ ಯೋಗದಲ್ಲಿ ಮೂಲಬಂಧ ಇಲ್ಲವೇ?" ಎನ್ನುತ್ತಿದ್ದೀರಿ, ಗೊತ್ತು. ಇದೆ. ತಳವನ್ನು ಬಿಗಿದು ಮೇಲಕ್ಕೆಳೆಯುವ ಈ ಬಂಧವನ್ನು ಹಠಯೋಗ ಪ್ರದೀಪಿಕೆಯಲ್ಲಿ ಹೇಳಿದೆ, ಘೇರಂಡ ಸಂಹಿತೆಯ ಅಶ್ವಿನೀ ಮುದ್ರೆಯೂ ಇದರ ನೆಂಟನೇ. ಆದರೆ ಆ ಗ್ರಂಥಗಳ ಯೋಗಿಗೆ ಬೇಕಿದ್ದದ್ದು ಕೆಳಮುಖದ ಪ್ರಾಣವಾಯುವಾದ ಅಪಾನವನ್ನು ಮೇಲಕ್ಕೆ ತಿರುಗಿಸುವುದು. ಮೂರು ಹೆತ್ತು ಕೆಮ್ಮಲು ಹೆದರುವ ಹೆಂಗಸು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಇವತ್ತಿಗೂ ಹಾಗೇ. ಅಷ್ಟಾಂಗ ಯೋಗ ಕಲಿಯಲು ಮೈಸೂರಿನ ಗೋಕುಲಂ ಬಡಾವಣೆಗೆ ಬಂದಿಳಿಯುವ ವಿದೇಶಿಯರಿಗೆ ಮೂಲಬಂಧ ಗೊತ್ತು. ಅವರು ಬಾಡಿಗೆಗಿರುವ ಮನೆಯಲ್ಲಿ ಪಾತ್ರೆ ತಿಕ್ಕುವಾಕೆಗೆ ಅದನ್ನು ಹೇಳಿದವರಿಲ್ಲ. ಎಲ್ಲ ನಮ್ಮಲ್ಲೇ ಇತ್ತು ಎಂದು ಬೀಗುವ ಮುನ್ನ ಯಾರ ಹತ್ತಿರ ಇತ್ತು ಎಂದು ಕೇಳಿಕೊಳ್ಳಬೇಕು.

ನಾನೇ ಕಲಿಯಲು ಹೋದದ್ದು ನಲವತ್ತೆಂಟನೇ ವಯಸ್ಸಿನಲ್ಲಿ. ಮಹಿಳಾ ಫಿಸಿಯೋಥೆರಪಿಸ್ಟ್, ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. "ಆಂಟಿ, ನೀವೀಗ ಪೃಷ್ಠ ಬಿಗೀತಾ ಇದ್ದೀರ, ಉಸಿರು ಕಟ್ಟಿದ್ದೀರ, ಮುಖ ಕೂಡ ಬಿಗಿದಿದ್ದೀರ. ಬೇಕಾದ್ದೊಂದು ಬಿಟ್ಟು ಎಲ್ಲಾ ಬಿಗಿದಿದ್ದೀರ" ಅಂದಳು. ಆಮೇಲೆ ಹೇಳಿಕೊಟ್ಟಳು: ಜನರ ನಡುವೆ ಕೂತಾಗ ಹೊಟ್ಟೆಯ ಗಾಳಿ ಹೋಗದಂತೆ ತಡೆಯುತ್ತೀರಲ್ಲ, ಹಿಂದಿನಿಂದ ಹಾಗೆ ಬಿಗಿಯುತ್ತ ಬಂದು, ಮೂತ್ರ ತಡೆಯುವ ಹಾಗೆ ಮುಂದಕ್ಕೂ ತಂದು, ಒಳಗೆ ಮೇಲಕ್ಕೆ ಎತ್ತಿ. ತೊಡೆ, ಪೃಷ್ಠ, ಹೊಟ್ಟೆ ಅಲುಗಬಾರದು. ಉಸಿರಾಟ ಎಂದಿನಂತೆ ನಡೆದಿರಬೇಕು. ಎಣಿಸುವಷ್ಟು ಹೊತ್ತು ಹಿಡಿದು, ಪೂರ್ತಿ ಬಿಡಬೇಕು. ಬಿಡುವುದೂ ಹಿಡಿಯುವಷ್ಟೇ ಮುಖ್ಯ. ಮೊದಮೊದಲು ಮೂರೆಣಿಸುವಷ್ಟು ಹಿಡಿದರೂ ಸಾಕು, ಮೆಲ್ಲಗೆ ಎಂಟು ಹತ್ತಕ್ಕೆ ಹೋಗಬಹುದು. ಒಂದು ಸಲಕ್ಕೆ ಎಂಟು ಬಾರಿ, ದಿನಕ್ಕೆ ಮೂರು ಸಲ, ಕಡಿಮೆಯೆಂದರೆ ಮೂರು ತಿಂಗಳು. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ ಹೇಳುವ ಲೆಕ್ಕವೂ ಇದೇ. ಮೂತ್ರ ಮಾಡುತ್ತಿರುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡ. ಯಾವ ಸ್ನಾಯು ಎಂದು ಗುರುತಿಸಲು ಒಮ್ಮೆ ನೋಡಿದರಾಯಿತು, ದಿನಾ ಮಾಡಿದರೆ ಮೂತ್ರಕೋಶ ಪೂರ್ತಿ ಖಾಲಿಯಾಗುವುದು ತಪ್ಪುತ್ತದೆ.

ಫಲ ಸಿಗುತ್ತದೆಯೇ? 31 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಕೆಮ್ಮಿದಾಗ ಸೀನಿದಾಗ ಸೋರುವ ತೊಂದರೆಯಿದ್ದು ಈ ವ್ಯಾಯಾಮ ಮಾಡಿದ ಹೆಂಗಸರಲ್ಲಿ ನೂರಕ್ಕೆ 56 ಮಂದಿ ಗುಣವಾಯಿತು ಎಂದರು. ಮಾಡದವರಲ್ಲಿ ಹಾಗೆಂದವರು ನೂರಕ್ಕೆ 6. ಯಾವುದಾದರೂ ಮಾತ್ರೆ ಇಂಥ ಫಲ ಕೊಟ್ಟಿದ್ದರೆ ಕಂಪನಿಗಳು ಊರೂರಿಗೆ ಬೋರ್ಡು ಹಾಕುತ್ತಿದ್ದವು. ಇದನ್ನು ಮಾರುವವರಿಲ್ಲ, ಹಾಗಾಗಿ ಹೇಳುವವರೂ ಇಲ್ಲ.

ಗೃಹಪ್ರವೇಶದ ಹೆಂಗಸರು ತಾವೇ ಕಂಡುಕೊಂಡಿದ್ದ ಉಪಾಯದಲ್ಲೂ ಸತ್ಯವಿದೆ. ಕಾಲು ಹೆಣೆದು ಮುಂದಕ್ಕೆ ಬಾಗಿದರೆ ಸೋರುವುದು ಕಡಿಮೆಯಾಗುತ್ತದೆ ಎಂದು ಪರೀಕ್ಷಿಸಿ ನೋಡಿದವರಿದ್ದಾರೆ. ಅದಕ್ಕಿಂತ ಒಳ್ಳೆಯ ಉಪಾಯವೂ ಇದೆ: ಸೀನು ಇನ್ನೇನು ಬಂತು ಅನ್ನುವಾಗಲೇ ತಳವನ್ನು ಬಿಗಿದುಬಿಡುವುದು. ಮಿಷಿಗನ್ನಿನಲ್ಲೇ 1998ರಲ್ಲಿ ವಯಸ್ಸಾದ ಹೆಂಗಸರಿಗೆ ಇದನ್ನು ಕಲಿಸಿದಾಗ ಒಂದೇ ವಾರದಲ್ಲಿ ಸೋರಿಕೆ ಎದ್ದು ಕಾಣುವಷ್ಟು ತಗ್ಗಿತ್ತು. ಒಂದು ವಾರದಲ್ಲಿ ಸ್ನಾಯು ಬೆಳೆಯುವುದಿಲ್ಲ. ಹೊತ್ತು ತಿಳಿದು ಹಿಡಿದದ್ದಷ್ಟೇ. ಕೊಡ ಎತ್ತುವಾಗ, ಸಿಲಿಂಡರ್ ಸರಿಸುವಾಗ, ಮಗುವನ್ನು ಕಂಕುಳಿಗೇರಿಸುವಾಗಲೂ ಇದೇ ಉಪಾಯ. ತಡೆಯಲಾರದಷ್ಟು ಅವಸರವಾಗಿ ಬಂದು, ಬಚ್ಚಲು ಮುಟ್ಟುವಷ್ಟರಲ್ಲಿ ಆಗಿಹೋಗುವ ಇನ್ನೊಂದು ಬಗೆಯಿದೆ. ಅಲ್ಲಿ ಕೆರಳಿರುವುದು ಮೂತ್ರಕೋಶ. ಎರಡು ಬಾರಿ ಹೋಗುವ ನಡುವಿನ ಹೊತ್ತನ್ನು ಹತ್ತು ಹದಿನೈದು ನಿಮಿಷದಂತೆ ವಾರದಿಂದ ವಾರಕ್ಕೆ ಹಿಗ್ಗಿಸುವುದು, ಕಾಫಿ ತಗ್ಗಿಸುವುದು ಅದಕ್ಕೆ ಮೊದಲ ಮದ್ದು. ಕಾಫಿಯ ಮಾತು ಬರೆಯುವಾಗ ನನ್ನ ಕೈ ನಡುಗಿತು ಎಂದು ಒಪ್ಪಿಕೊಳ್ಳುತ್ತೇನೆ. ಸಕ್ಕರೆ ಕಾಯಿಲೆ ಇದೆಯೇ, ಸೋಂಕು ಇದೆಯೇ ಎಂದೂ ನೋಡಿಸಬೇಕು. ಮೂತ್ರದಲ್ಲಿ ರಕ್ತ ಕಂಡರೆ, ಮುಟ್ಟು ನಿಂತ ಮೇಲೆ ರಕ್ತ ಹೋದರೆ ವ್ಯಾಯಾಮ ಮಾಡುತ್ತ ಕೂರದೆ ವೈದ್ಯರ ಬಳಿ ಹೋಗಬೇಕು.

ಎಲ್ಲರಿಗೂ ಬಿಗಿಯುವುದೇ ಮದ್ದೂ ಅಲ್ಲ. ಕೆಲವರಲ್ಲಿ ತಳ ಸದಾ ಬಿಗಿದುಕೊಂಡೇ ಇರುತ್ತದೆ. ಮದುವೆಯಾಗಿ ವರ್ಷವಾದರೂ ಗಂಡನ ಜೊತೆ ಕೂಡಲು ಆಗದ ನೋವು, ಮಲ ಇಳಿಯದ ತೊಂದರೆ, ಕೂತರೆ ಬಾಲದೆಲುಬಿನ ಸುತ್ತ ಸೆಳೆತ. ಇಂಥವರು ವಿಡಿಯೋ ನೋಡಿ ಇನ್ನಷ್ಟು ಬಿಗಿದರೆ ನೋವು ಹೆಚ್ಚೀತು. ಅವರಿಗೆ ಬೇಕಿರುವುದು ಹೊಟ್ಟೆ ತುಂಬ ಉಸಿರೆಳೆದು ತಳವನ್ನು ಸಡಿಲಬಿಡುವ ಅಭ್ಯಾಸ. "ಅವಳಿಗೆ ಇಷ್ಟವಿಲ್ಲ ಅನ್ಸುತ್ತೆ" ಎಂದು ಮನೆಯವರು ಹೇಳಿ ಮುಗಿಸಿದ ಎಷ್ಟೋ ದಾಂಪತ್ಯದ ಕಥೆಗಳ ಅಡಿಯಲ್ಲಿ ಸಡಿಲಿಸಲು ಬಾರದ ಒಂದು ಸ್ನಾಯು ಇದ್ದಿರಬಹುದು.

ಇನ್ನು ಜಾರುವ ಸಮಸ್ಯೆ. "ಗರ್ಭಕೋಶ ಇಳಿದಿದೆ", "ಗಡ್ಡೆ ಹೊರಗೆ ಬರುತ್ತೆ", "ಕೂತರೆ ಏನೋ ಸಿಕ್ಕಿಕೊಂಡ ಹಾಗಿದೆ" ಎಂದೆಲ್ಲ ಹೇಳುತ್ತಾರೆ. ಬೆಳಿಗ್ಗೆ ಹಗುರ, ಸಂಜೆಗೆ ಭಾರ. ಜೋಲಿ ಜೋತುಬಿದ್ದು ಮೇಲಿನದು ಕೆಳಗೆ ಸರಿದಿರುತ್ತದೆ. ಗರ್ಭಕೋಶವೇ ಆಗಬೇಕಿಲ್ಲ, ಮೂತ್ರಕೋಶವೋ ಗುದನಾಳವೋ ಯೋನಿಯ ಗೋಡೆಯನ್ನು ತಳ್ಳಿಕೊಂಡು ಇಳಿದಿರಬಹುದು. ಮುಟ್ಟು ನಿಂತು ಈಸ್ಟ್ರೋಜನ್ ಇಳಿದ ಮೇಲೆ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಕೊಂಚ ಇಳಿದಿದ್ದರೆ ವ್ಯಾಯಾಮದಿಂದ ಹಗುರವಾಗುತ್ತದೆ. ಹೆಚ್ಚು ಇಳಿದಿದ್ದರೆ ಪೆಸರಿ ಎಂಬ ಸಿಲಿಕೋನ್ ಉಂಗುರವನ್ನು ಒಳಗಿಟ್ಟು ಎತ್ತಿ ನಿಲ್ಲಿಸಬಹುದು. ಹೊಸ ವಸ್ತುವೇನಲ್ಲ, ಪ್ರಾಚೀನ ಗ್ರೀಕ್ ವೈದ್ಯರು ಇದೇ ಕೆಲಸಕ್ಕೆ ದಾಳಿಂಬೆ ಹಣ್ಣು ಬಳಸುತ್ತಿದ್ದರು. ಆಗಾಗ ತೆಗೆದು ತೊಳೆದು ಇಟ್ಟುಕೊಳ್ಳಬೇಕು, ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಮೂಗುತಿ, ಕಾಲುಂಗುರ ಹಾಕಿಕೊಳ್ಳುವ ನಾವು ಈ ಉಂಗುರದ ಹೆಸರೇ ಕೇಳಿರುವುದಿಲ್ಲ. ನಾನು ಕೇಳಿದ ಹತ್ತು ಹೆಂಗಸರಲ್ಲಿ ಒಬ್ಬರಿಗೂ ವೈದ್ಯರು ಅದನ್ನು ತೋರಿಸಿರಲಿಲ್ಲ. ಗರ್ಭಕೋಶ ತೆಗೆಯುವ ಮಾತು ಮಾತ್ರ ಏಳು ಜನರಿಗೆ ಆಗಿತ್ತು.

ನನಗೆ ಸಿಟ್ಟು ಬರುವುದು ಇಲ್ಲಿ. ಜೋಲಿಯ ಬಟ್ಟೆ ಜೀರ್ಣವಾದರೆ ಕೂಸನ್ನು ಎತ್ತಿಕೊಂಡು ಹೋದ ಮಾತ್ರಕ್ಕೆ ಜೋಲಿ ಸರಿಯಾಗುತ್ತದೆಯೇ? ತೀರಾ ಇಳಿದಾಗ ಗರ್ಭಕೋಶ ತೆಗೆದು, ಜೊತೆಗೆ ತಳವನ್ನೂ ಸರಿಯಾಗಿ ಹೊಲಿದು ಕಟ್ಟುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಅದರಿಂದ ನೆಮ್ಮದಿ ಕಂಡವರೂ ಇದ್ದಾರೆ. ಆದರೆ ತಳ ಹಾಗೇ ಬಿಟ್ಟು ಗರ್ಭಕೋಶವನ್ನಷ್ಟೇ ತೆಗೆದರೆ ಮುಂದೊಂದು ದಿನ ಯೋನಿಯ ಮೇಲ್ತುದಿಯೇ ಇಳಿದೀತು. 2015ರಲ್ಲಿ ಕಲಬುರಗಿ ಜಿಲ್ಲೆಯಿಂದ ಬಂದ ಸುದ್ದಿ ನೆನಪಿದೆಯೇ? ಹೊಟ್ಟೆನೋವು, ಬೆನ್ನುನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ತಾಂಡಾಗಳ ಹೆಣ್ಣುಮಕ್ಕಳು ಗರ್ಭಕೋಶ ಕಳೆದುಕೊಂಡು ಬಂದಿದ್ದರು. ವಯಸ್ಸು ನಲವತ್ತೂ ದಾಟಿರದವರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ನಮ್ಮ ಬೆಳಗಾವಿ ಸೀಮೆಯವರೆಗೂ ಕಬ್ಬು ಕಡಿಯಲು ಬರುವ ಹೆಂಗಸರ ಕಥೆ 2019ರಲ್ಲಿ ಹೊರಬಿತ್ತು. ಸರ್ಕಾರದ ಸಮಿತಿ ಸಮೀಕ್ಷೆ ಮಾಡಿದ ಸುಮಾರು 82 ಸಾವಿರ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ಇರಲಿಲ್ಲ. ಮುಟ್ಟಿನ ದಿನ ರಜೆ ಮಾಡಿದರೆ ದಂಡ. ಶೌಚಾಲಯವಿಲ್ಲ, ನೀರಿಲ್ಲ, ತಲೆ ಮೇಲೆ ಕಬ್ಬಿನ ಹೊರೆ. ಬೇರೆ ರಾಜ್ಯಗಳ ಇಂಥದೇ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಹೇಳಿತು.

ನೇಪಾಳದ ಸುಪ್ರೀಂ ಕೋರ್ಟ್ ಇದಕ್ಕೂ ಬಹಳ ಮುಂಚೆ, 2008ರಲ್ಲೇ, ಇನ್ನೊಂದು ಮಾತು ಹೇಳಿತ್ತು. ಅಲ್ಲಿ ಗುಡ್ಡಗಾಡಿನ ಹೆಂಗಸರಲ್ಲಿ ಗರ್ಭಕೋಶ ಜಾರುವುದು ಎಷ್ಟು ವ್ಯಾಪಕವೆಂದರೆ, ಅದನ್ನು ತಡೆಯದಿರುವುದು ಹೆಣ್ಣಿನ ಸಂತಾನ ಹಕ್ಕಿನ ಉಲ್ಲಂಘನೆ ಎಂದು ಕೋರ್ಟು ತೀರ್ಪಿತ್ತಿತು. ಎಳೆ ವಯಸ್ಸಿನ ಬಸಿರು, ಹೆತ್ತ ಬೆನ್ನಿಗೇ ಹೊರೆ ಹೊರುವುದು, ಅರೆಹೊಟ್ಟೆ ಇವೆಲ್ಲ ಸೇರಿ ಒಂದು ಸ್ನಾಯು ಸೋತರೆ ಅದಕ್ಕೆ ಸರ್ಕಾರವೂ ಹೊಣೆ ಎಂದ ಹಾಗಾಯಿತು. ಇಂಥ ತೊಂದರೆಗಳನ್ನು ಹೇಳಿಕೊಳ್ಳದವರ ಲೆಕ್ಕ ಎಷ್ಟು ದೊಡ್ಡದು ಎಂದು ನಮ್ಮ ದೇಶದಲ್ಲಿ ತೋರಿಸಿಕೊಟ್ಟದ್ದು ಮಹಾರಾಷ್ಟ್ರದ ಗಡಚಿರೋಲಿಯ ವೈದ್ಯ ದಂಪತಿ ರಾಣಿ ಬಂಗ್ ಮತ್ತು ಅಭಯ್ ಬಂಗ್. ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ಅವರು ಪ್ರಕಟಿಸಿದ ವರದಿಯಂತೆ ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮೊದಲು ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8.

ಚಿಕ್ಕಮ್ಮನನ್ನು ಅದೇ ಫಿಸಿಯೋ ಹುಡುಗಿಯ ಹತ್ತಿರ ಕರೆದುಕೊಂಡು ಹೋದೆ. ಒಪ್ಪಿಸಲು ಎರಡು ತಿಂಗಳು ಹಿಡಿಯಿತು. "ಅರವತ್ತರ ಮೇಲೆ ಇದೆಂಥದೆ, ನಗೋರ ಮುಂದೆ" ಅಂದರು. ವ್ಯಾಯಾಮಕ್ಕೆ ಅವರೇ ಒಂದು ಹೊತ್ತು ಗೊತ್ತು ಮಾಡಿಕೊಂಡರು: ಬೆಳಿಗ್ಗೆ ಕುಕ್ಕರ್ ಇಟ್ಟಾಗಿನಿಂದ ಮೂರನೇ ಸೀಟಿಯವರೆಗೆ. ನಡುವೆ ಯಾರಾದರೂ ಮಾತಾಡಿಸಿದರೆ ಕೈಯಲ್ಲೇ ತಡೆದು ನಿಲ್ಲಿಸುತ್ತಾರೆ. ಚಿಕ್ಕಪ್ಪ, ಪಾಪ, ಹೆಂಡತಿ ಒಲೆ ಮುಂದೆ ಯಾವುದೋ ಜಪ ಶುರುಮಾಡಿದ್ದಾಳೆ ಅಂದುಕೊಂಡಿದ್ದಾರೆ. ನಾಲ್ಕನೇ ತಿಂಗಳಲ್ಲಿ ಧರ್ಮಸ್ಥಳಕ್ಕೆ ಹೊರಟರು, ನನ್ನನ್ನೂ ಎಳೆದುಕೊಂಡು. ಕೆಂಪು ಬಸ್ಸು, ಕಿಟಕಿ ಪಕ್ಕದ ಸೀಟು, ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡರು. ಸೋರುವುದು ಪೂರ್ತಿ ನಿಂತಿದೆ ಎಂದೇನಲ್ಲ. ಘಾಟಿಯ ತಿರುವಿನಲ್ಲಿ ಒಂದೆರಡು ಸಲ ನನ್ನ ತೋಳು ಹಿಡಿದುಕೊಂಡರು. ದಾರಿಯಲ್ಲೊಂದು ಕಡೆ ಬಸ್ಸು ಹತ್ತು ನಿಮಿಷ ನಿಂತಿತು. ಇಳಿದು ಹೋಗಿ ಬಂದು, ಸೀಟಿನಲ್ಲಿ ಕೂತು, ನೀರಿನ ಬಾಟಲಿ ತೆಗೆದು ಗಟಗಟನೆ ಅರ್ಧ ಕುಡಿದರು.

"ನೋಡೇ, ಊರೂರು ತಿರುಗೋಕೆ ದುಡ್ಡು ಬೇಡ ಅಂತಾರೆ. ಅಲ್ಲಿ ಬಾಗಿಲಲ್ಲಿ ಕೂತೋನು ಐದು ರೂಪಾಯಿ ಇಸ್ಕೊಂಡ" ಅಂದು ಜೋರಾಗಿ ನಕ್ಕರು. ಕಾಲು ಹೆಣೆದಿರಲಿಲ್ಲ.